ಅಕ್ಕಿಕಾಳಿನಗಲದ ಸವೆತ

ಪುಣೆಯ ಖಡಕಿ ಬಜಾರಿನಲ್ಲಿ ಕಿವಿ ಪರೀಕ್ಷೆ ಮಾಡುವ ಅವಧೂತ ಕರ್ಜಗಿಯವರಿಗೆ ಇರುವುದು ಒಂದೇ ಚಟ. ಅದೂ ಯಾರಿಗೂ ಬೇಡದ ಚಟ. ಜನ ಹಳೆಯ ಗ್ರಾಮಫೋನ್ ತಟ್ಟೆಗಳಲ್ಲಿ ಹಾಡು ಹುಡುಕಿದರೆ ಇವರು ಭಾಷಣ ಹುಡುಕುತ್ತಾರೆ. ಅದೂ ಎರಡನೆಯ ಮಹಾಯುದ್ಧದ ಕಾಲದ ಭಾಷಣವೇ ಆಗಬೇಕು. ಯುದ್ಧನಿಧಿಗೆ ದೇಣಿಗೆ ಕೊಡಿ, ಸೈನ್ಯ ಸೇರಿ, ದೀಪ ಆರಿಸಿ ಕೂತುಕೊಳ್ಳಿ ಎಂದು ಗುಡುಗಿದ ಮಂತ್ರಿಗಳು, ಸಾಹೇಬರು, ಪುಢಾರಿಗಳು ಅವರ ಕಪಾಟಿನಲ್ಲಿ ಸಾಲಾಗಿ ನಿಂತಿದ್ದಾರೆ. "ಸತ್ತ ಸಾಹೇಬ್ರ ಮಾತು ಕೇಳಲಿಕ್ಕೆ ಭಾಳ ಪುರಸೊತ್ತದ ನಿಮಗ" ಎಂದು ಹೆಂಡತಿ ಚುಚ್ಚುವುದುಂಟು. ಅವಧೂತರು ಆ ಮಾತನ್ನು ಮಾತ್ರ ಕೇಳಿಸಿಕೊಳ್ಳುವುದಿಲ್ಲ.

ಕಳೆದ ವರ್ಷ ಒಂದು ರವಿವಾರ ಜುನಾ ಬಜಾರಿನಲ್ಲಿ, ತುಕ್ಕು ಹಿಡಿದ ಬೀಗಗಳ ರಾಶಿಯ ಪಕ್ಕದಲ್ಲಿ, ಅವರಿಗೊಂದು ತಟ್ಟೆ ಸಿಕ್ಕಿತು. ನಡುವಿನ ಚೀಟಿ ಕೆರೆದುಹೋಗಿ ಭಾಷಣ ಯಾರದೆಂದೇ ತಿಳಿಯುವಂತಿರಲಿಲ್ಲ. ಆದರೆ ಕಾಗದದ ಹೊದಿಕೆಯ ಮೇಲೆ ಮಸಿಯಲ್ಲಿ, ಗುಂಡಗಿನ ಕನ್ನಡದಲ್ಲಿ, "ಕಟಗೇರಿ, ಖಡಕಿ" ಎಂದು ಬರೆದಿತ್ತು. ಮರಾಠಿ ಸಂತೆಯಲ್ಲಿ ಕನ್ನಡ ಅಕ್ಷರ ಕಂಡರೆ ಸಾಕು, ಧಾರವಾಡದಿಂದ ಬಂದವರ ಕೈ ತಾನಾಗಿ ಮುಂದೆ ಹೋಗುತ್ತದೆ. ತಟ್ಟೆಯನ್ನು ಬಿಸಿಲಿಗೆ ಹಿಡಿದಾಗ ಅವರಿಗೆ ಇನ್ನೊಂದು ವಿಚಿತ್ರ ಕಂಡಿತು. ಇಡೀ ತಟ್ಟೆ ಕರ್ರಗೆ ಹೊಳೆಯುತ್ತಿತ್ತು, ನಡುವೆ ಒಂದು ಕಡೆ ಮಾತ್ರ ಅಕ್ಕಿಕಾಳಿನಗಲದ ಬೂದುಬಣ್ಣದ ಬಳೆ.

ಹಳೆಯ ಗ್ರಾಮಫೋನಿನ ಉಕ್ಕಿನ ಮುಳ್ಳು ಓಡಿದಷ್ಟೂ ಗೆರೆ ತಿನ್ನುತ್ತದೆ. ತಟ್ಟೆಯೆಲ್ಲ ಸವೆದಿದ್ದರೆ ಮನೆಮಂದಿ ಪೂರ್ತಿ ಕೇಳಿದ್ದಾರೆ ಎಂದರ್ಥ. ಇಲ್ಲಿ ಯಾರೋ ನೂರಾರು ಸಲ ಮುಳ್ಳನ್ನು ನಡುವೆ ಇಟ್ಟು, ಎತ್ತಿ, ಮತ್ತೆ ಅಲ್ಲಿಯೇ ಇಟ್ಟಿದ್ದಾರೆ. ಭಾಷಣದಲ್ಲಿ ಅಂಥ ಯಾವ ಮಾತು? ಅವಧೂತರು ತಲೆಗೆ ಹುಳ ಬಿಟ್ಟುಕೊಂಡರು.

ಮನೆಗೆ ಬಂದು ಒಂದೇ ಸಲ ನುಡಿಸಿದರು, ಕಂಪ್ಯೂಟರಿಗೆ ತುಂಬಿಕೊಂಡರು. ಯಾವನೋ ಬಿಳಿಯ ಸಾಹೇಬ ಇಂಗ್ಲಿಷಿನಲ್ಲಿ ಯುದ್ಧನಿಧಿಗೆ ಹಣ ಕೇಳುತ್ತಿದ್ದ. ಸವೆದ ಜಾಗದಲ್ಲಿ ಕಿವಿಗೊಟ್ಟರೆ ಅಲ್ಲೂ ಅದೇ ಉಪದೇಶ. ಮುಳ್ಳು ಅಲ್ಲಿ ಜಾರುತ್ತಿತ್ತು, ಇನ್ನು ನಾಲ್ಕೈದು ಸಲ ಓಡಿಸಿದರೆ ಆ ಗೆರೆಗಳ ಕಥೆ ಮುಗಿದಂತೆ. ಹೊರಗಿನ ಗದ್ದಲ ಕಳೆದು ಮಾತನ್ನು ಕಿವಿಗೆ ಮುಟ್ಟಿಸುವುದೇ ಜೀವಮಾನದ ಕಸುಬಾದವರು, ಇಲ್ಲೂ ಅದನ್ನೇ ಮಾಡಿದರು. ಚಿಟಪಟ ತೆಗೆದರು, ಗುಂಯ್‌ಗುಡುವುದನ್ನು ತೆಗೆದರು, ನಡುವೆ ಯಾವನೋ ಸೀನಿದ ಮಂದ ಸಪ್ಪಳವನ್ನೂ ಕತ್ತರಿಸಿ ಒಗೆದರು. ಕಸ ತೆಗೆದ ಮೇಲೆ ಕಸ ಯಾಕೆ ಇಟ್ಟುಕೊಳ್ಳಬೇಕು ಎಂದು ಮೊದಲಿನ ಪ್ರತಿಯನ್ನೂ ಅಳಿಸಿದರು. ಸಾಹೇಬನ ದನಿ ಈಗ ತೊಳೆದ ತಾಟಿನ ಹಾಗೆ ಇತ್ತು. ಪ್ರಶ್ನೆ ಮಾತ್ರ ಇದ್ದಲ್ಲೇ ಇತ್ತು.

ಕೇಳಬೇಕಾದದ್ದು ಕಟಗೇರಿಯವರನ್ನೇ. ಕಿರಾಣಿ ಅಂಗಡಿ, ಮಠ, ಹಿಟ್ಟಿನ ಗಿರಣಿ ಎಲ್ಲ ಕಡೆ ವಿಚಾರಿಸಿದರು. ಮೂರು ವಾರಕ್ಕೆ, ತಮ್ಮ ದವಾಖಾನೆಯಿಂದ ಎರಡೇ ಓಣಿ ಆಚೆ, ಮೂರನೆಯ ಮಹಡಿಯ ಫ್ಲ್ಯಾಟಿನಲ್ಲಿ ರಾಧಾಬಾಯಿ ಸಿಕ್ಕರು. ಕಟಗೇರಿ ಅವರ ತವರಿನ ಹೆಸರು. ಎಂಬತ್ತೆಂಟರ ಮುದುಕಿ, ಕಿವಿ ಮಂದ. ಜೊತೆಗಿದ್ದ ಮೊಮ್ಮಗಳು ಪೂರ್ವಾ ತಟ್ಟೆ ನೋಡುತ್ತಲೇ ಪೆಚ್ಚಾದಳು. ಹಳೆಯ ಮನೆ ಬಿಡುವಾಗ ಟ್ರಂಕಿನ ಸಮೇತ ಅದನ್ನು ಗುಜರಿಗೆ ಹಾಕಿದವಳು ಅವಳೇ.

ರಾಧಾಬಾಯಿ ಹೊದಿಕೆಯ ಅಕ್ಷರಗಳ ಮೇಲೆ ಕೈಯಾಡಿಸಿದರು. "ನಮ್ಮ ಅಪ್ಪನ ಕೈಬರಹರಿ" ಎಂದರು. ಅವಧೂತರು ಉಬ್ಬಿಹೋದರು. ಫೋನಿಗೆ ತುಂಬಿ ತಂದಿದ್ದ ಸ್ವಚ್ಛ ಭಾಷಣವನ್ನು ಮುದುಕಿಯ ಕಿವಿಗೆ ಹಿಡಿದರು. ಆಕೆ ಕಣ್ಣು ಮುಚ್ಚಿ ಕೇಳಿದರು. ಮೂರು ನಿಮಿಷಕ್ಕೆ ಭಾಷಣ ಮುಗಿಯಿತು.

"ನಮ್ಮಪ್ಪ ಎಲ್ಲಿರಿ ಇದರಾಗ?" ಎಂದರು.

"ನಿಮ್ಮ ತಂದೆಯವರ ಭಾಷಣಾನ?"

"ಭಾಷಣ ಸಾಹೇಬಂದು. ಸೀನಿದಾವ ನಮ್ಮಪ್ಪ."

ಅವಧೂತರ ಮುಖ ಸಣ್ಣದಾಯಿತು. ರಾಧಾಬಾಯಿ ಅದನ್ನು ಗಮನಿಸದೆ ಹೇಳುತ್ತ ಹೋದರು. ಅಪ್ಪ ಖಡಕಿಯ ಮಿಲಿಟರಿ ಉಗ್ರಾಣದಲ್ಲಿ ಗುಮಾಸ್ತ. ಸಾಹೇಬನ ಭಾಷಣದ ದಿನ ಕಾಗದ ಹಿಡಿದು ಮೈಕಿನ ಪಕ್ಕದಲ್ಲೇ ನಿಂತವರು, ತಡೆಯಲಾರದೆ ಸೀನಿಬಿಟ್ಟರು. ಸಾಹೇಬ ನಕ್ಕು, ತಟ್ಟೆ ತಯಾರಾದ ಮೇಲೆ ಒಂದನ್ನು ಅವರಿಗೇ ಕೊಟ್ಟ. ಆಮೇಲೆ ಅವರನ್ನು ಬರ್ಮಾ ಕಡೆಗೆ ಕಳಿಸಿದರು. ಮನೆಯಲ್ಲಿ ಉಳಿದದ್ದು ಅಜ್ಜಿ, ಅವ್ವ, ಆರು ವರ್ಷದ ರಾಧಿ.

"ದಿನಾ ದೀಪಾ ಹಚ್ಚಿದ ಕೂಡಲೆ ಅಜ್ಜಿ ಮುಳ್ಳು ಸೀದಾ ನಡುವ ಇಟ್ಟು ಈ ಪ್ಲೇಟ್ ಹಚ್ತಿದ್ಳು. ಮಗಾ ಸೀನಿದ ಕೂಡಲೆ 'ಚಿರಂಜೀವಿ ಆಗಪಾ' ಅಂತಿದ್ಳು. ಆದ್ರ ಒಂಟಿ ಸೀನು ಅಪಶಕುನ ನೋಡ್ರಿ, ಜೋಡಿ ಸೀನಬೇಕು. ಅದಕ್ಕ ಮುಳ್ಳು ಎತ್ತಿ ಇನ್ನೊಮ್ಮೆ ಅಲ್ಲೇ ಇಡೂದು. ಎರಡನೇದ್ದು ಇಡೂ ಕೆಲಸ ನಂದು."

ಬೂದು ಬಳೆಯ ಗುಟ್ಟು ಗೊತ್ತಾಯಿತು. ಅವಧೂತರಿಗೆ ಸಂತೋಷವಾಗಬೇಕಿತ್ತು, ಆಗಲಿಲ್ಲ. ಎಲ್ಲರೂ ಕೇಳಲೆಂದು ಮಾಡಿದ ಮೂರು ನಿಮಿಷದ ಮಾತನ್ನು ಉಳಿಸಿ, ಒಂದು ಮನೆಯವರು ಜೀವ ಇಟ್ಟುಕೊಂಡಿದ್ದ ಒಂದು ಗಳಿಗೆಯನ್ನು ಅವರು ಕಸದ ಬುಟ್ಟಿಗೆ ಹಾಕಿದ್ದರು.

"ಒಂದಿನ ಮೊದಲನೇ ಸೀನು ಆತು. ನಾ ಮುಳ್ಳು ಎತ್ತಬೇಕು, ಅಷ್ಟರಾಗ ಬಾಗಿಲಾಗ ಸೈಕಲ್ ಗಂಟಿ ಆತು. ಅಪ್ಪಾನ ಬಂದ ಅಂತ ಬಿಟ್ಟು ಓಡಿದೆ. ತಂತಿಯವ ಬಂದಿದ್ದ." ರಾಧಾಬಾಯಿ ಸೆರಗು ಸರಿಮಾಡಿಕೊಂಡರು. "ಆವತ್ತಿಂದ ಯಾರೂ ಇದನ್ನ ಹಚ್ಚಲಿಲ್ಲ. ತಂತಿ ಬರೂಕಿಂತ ಮೊದಲ ಅಪ್ಪ ಹೋಗಿದ್ದ, ಬುದ್ಧಿಗೆ ಗೊತ್ತದರಿ. ಮನಸ್ಸು ಕೇಳೂದಿಲ್ಲ. ಅವನ ಸೀನು ಒಂಟಿ ಉಳೀತು, ನನ್ನಿಂದ ಉಳೀತು."

ಅವಧೂತರು ತಾವು ಮಾಡಿದ್ದನ್ನು ಒಪ್ಪಿಕೊಂಡು ಕೈಮುಗಿದರು. ಮರುದಿನ ದವಾಖಾನೆಗೆ ಬರಬೇಕೆಂದು ಕೇಳಿಕೊಂಡರು. ಗೆರೆಯಲ್ಲಿ ಆ ಸೀನು ಇನ್ನೂ ಇದ್ದೇ ಇದೆ. ಸವೆದ ತಟ್ಟೆಯಿಂದ ಆ ಮಂದ ಕಿವಿಗೆ ಅದು ಮುಟ್ಟುವುದೇ ಎಂಬುದಷ್ಟೇ ಅನುಮಾನ.

ಮರುದಿನ ಪೂರ್ವಾ ಅಜ್ಜಿಯನ್ನು ರಿಕ್ಷಾದಲ್ಲಿ ಕರೆತಂದಳು. ಸದ್ದು ಒಳಬರದ ಪರೀಕ್ಷೆಯ ಕೋಣೆಯಲ್ಲಿ, ಮೇಜಿನ ಮೇಲೆ ತಟ್ಟೆ ನುಡಿಸುವ ಯಂತ್ರ. ರಾಧಾಬಾಯಿಯ ಕಿವಿಗೆ ಹೆಡ್‌ಫೋನು, ಇನ್ನೊಂದು ಅವಧೂತರ ಕಿವಿಗೆ.

"ಒಮ್ಮೆ ಕಂಪ್ಯೂಟರಿಗೆ ತುಂಬಿಕೊಳ್ತೀನ್ರಿ ಬಾಯಿ. ಆಮೇಲೆ ಎರಡಲ್ಲ, ನೂರು ಸಲ ಕೇಳ್ರಿ."

"ಅದು ನಿಮ್ಮ ಯಂತ್ರ ಸೀನಿದಂಗಾತು. ಮುಳ್ಳು ನಾ ಇಡಬೇಕಾಗಿತ್ತು."

ತಮ್ಮ ತಟ್ಟೆಗಳನ್ನು ಯಾರೂ ಮುಟ್ಟಬಾರದು, ಮುಳ್ಳನ್ನು ನಡುವೆ ಇಡಬಾರದು ಎಂಬುದು ಅವಧೂತರ ಮೂವತ್ತು ವರ್ಷಗಳ ಕಟ್ಟಳೆ. ಆಕೆಯದೋ ಹಿಡಿತ ಸಾಲದ ಮುದಿ ಕೈ. ಒಂದು ಸಲ ಜಾರಿದರೂ ತಟ್ಟೆ ಹಾಳು, ಸೀನೂ ಹಾಳು.

"ಆತ್ರಿ. ಮೊದಲನೇದ್ದು ನಾ ಹಚ್ತೀನಿ" ಎಂದರು. ರೋಗಿಗಳಿಗೆ ದಿನಾ ಹೇಳುವ ಮಾತು ಅಭ್ಯಾಸಬಲದಿಂದ ಬಾಯಿಗೆ ಬಂತು. "ಕೇಳಿಸಿದ ಕೂಡಲೆ ಬೆರಳು ಎತ್ರಿ."

ಸಾಹೇಬ ಗುಡುಗತೊಡಗಿದ. ಮುಳ್ಳು ಬೂದು ಬಳೆಗೆ ಇಳಿಯಿತು. ಕರಕರ ಸಪ್ಪಳದ ಆಳದಲ್ಲಿ ಎಲ್ಲೋ ಒಬ್ಬ ಹರೆಯದ ಮನುಷ್ಯ ಸೀನಿದ. ಅವಧೂತರಿಗೇ ಅದು ಕೇಳಿಯೂ ಕೇಳದ ಹಾಗಿತ್ತು. ಅವರು ತಿರುಗಿ ನೋಡಿದರು. ರಾಧಾಬಾಯಿಯ ಬೆರಳು ಮೇಲೆದ್ದಿತ್ತು.

ಅವಧೂತರು ಮುಳ್ಳನ್ನು ಎತ್ತಿ, ಅದರ ಹಿಡಿಯನ್ನು ಆಕೆಯ ಬೆರಳಿಗೆ ಕೊಟ್ಟು ತಮ್ಮ ಕೈ ಹಿಂದೆ ತೆಗೆದುಕೊಂಡರು. ಮುಳ್ಳು ನಡುಗುತ್ತ ಇಳಿಯಿತು, ಕರ್ ಎಂದು ಗೀಚಿತು. ಅವಧೂತರು ಕೈ ಚಾಚಲಿಲ್ಲ. ಒಂದೆರಡು ಸುತ್ತು ಬರೀ ಕರಕರ. ಆಮೇಲೆ ಅದೇ ಮನುಷ್ಯ ಇನ್ನೊಮ್ಮೆ ಸೀನಿದ.

"ಚಿರಂಜೀವಿ ಆಗಪಾ" ಎಂದರು ಎಂಬತ್ತೆಂಟರ ರಾಧಾಬಾಯಿ, ಇಪ್ಪತ್ತೇಳರಲ್ಲೇ ನಿಂತುಹೋದ ಅಪ್ಪನಿಗೆ.