ನಾನು ತೊಳೆದ ಕಂಬಳಿ

ನಿಮ್ಮ ಮನೆಯಲ್ಲೂ ಯಾರೂ ಹೊದೆಯದ, ಬಿಸಾಡಲೂ ಮನಸ್ಸಾಗದ ಒಂದು ಹೊದಿಕೆ ಇದ್ದೀತು. ನಮ್ಮಲ್ಲಿರುವುದು ಒಂದು ಕರಿ ಕಂಬಳಿ. ಕಂಬಳಿಯೆಂದರೆ ಹುಣಸೆಬೀಜದ ಗಂಜಿ ಕುಡಿದು ಹಲಗೆಯಂತೆ ಸೆಟೆದಿರಬೇಕು; ಇದು ಹಳೆಯ ಧೋತರದ ಹಾಗೆ ಸೋತು ಬಿದ್ದಿರುತ್ತದೆ. ಗಂಜಿ ತೆಗೆದವಳು ನಾನೇ. ಗಂಜಿಯೊಂದೇ ಹೋಗಿದ್ದರೆ ಈ ಮಾತೆಲ್ಲ ಬೇಕಿರಲಿಲ್ಲ.

ಸಂಸ್ಥಾನ ಅಳಿದು ನಾವು ಮುಂಬಯಿ ರಾಜ್ಯದವರಾಗಿದ್ದ ದಿನಗಳವು. ಚಿಮ್ಮಡದಲ್ಲಿ ಕುರಿ ಕಾಯುತ್ತಿದ್ದ, ಬೀರೇಶ್ವರನ ಒಕ್ಕಲಾಗಿದ್ದ ನನ್ನಪ್ಪ ಕ್ರಿಸ್ತನನ್ನು ನಂಬಿ ಬನಹಟ್ಟಿಗೆ ಬಂದು ಮಗ್ಗ ಹೂಡಿದ್ದ. ಅಂದಿನಿಂದ ಅವನ ಅಣ್ಣ, ನನ್ನ ದೊಡ್ಡಪ್ಪ, ನಮ್ಮ ಮನೆಯ ಹನಿ ನೀರು ಮುಟ್ಟಿರಲಿಲ್ಲ. ಸಂತೆಗೆ ಬಂದಾಗ ಅಂಗಳದಲ್ಲೇ ನಿಂತು ಮಾತಾಡಿಸಿ, ಬಾಯಾರಿದರೆ ಪಕ್ಕದ ಜೈನರ ಮನೆಯಲ್ಲಿ ನೀರು ಕೇಳುತ್ತಿದ್ದ. ಆಗ ಅಪ್ಪ ಒಳಗೆ ಹೋಗಿ ಸುಮ್ಮನೆ ಲಾಳಿ ಎಸೆಯುತ್ತ ಕೂಡುತ್ತಿದ್ದ.

ಅಪ್ಪನಿದ್ದ ಪ್ರಾರ್ಥನಾ ಬಳಗದ ಚಳವಳಿ ಜಮಖಂಡಿ, ಮುಧೋಳದವರೆಗೂ ಹಬ್ಬಿತ್ತು. ಅದು ಹುಟ್ಟಿದ ದಿನವನ್ನು ಆ ವರ್ಷ ನಮ್ಮ ಅಂಗಳದಲ್ಲಿ ಆಚರಿಸುವುದೆಂದಾಯಿತು. ನಾವು ನಾವೇ ಹಾಡಿಕೊಂಡರೆ ಏನು ಬಂತು, ನೆರೆಯವರೂ ಬಂದು ತಮ್ಮ ದೇವರನ್ನು ಹಾಡಲಿ, ಆಮೇಲೆ ಎಲ್ಲರೂ ಮನಸ್ಸು ಬಿಚ್ಚಿ ಮಾತಾಡೋಣ ಎಂಬುದು ಅಪ್ಪನ ಹಟ. ಹಟದೊಳಗಿನ ಆಸೆ ನನಗೆ ಗೊತ್ತಿತ್ತು: ಅಣ್ಣ ಒಂದು ತಂಬಿಗೆ ನೀರು ಕುಡಿಯಬೇಕು. ಕೆಮ್ಮಿದರೆ ರಕ್ತ ಬೀಳುತ್ತಿದ್ದ ಅಪ್ಪನಿಗೆ ಹೆಚ್ಚು ಹಬ್ಬಗಳು ಉಳಿದಿರಲಿಲ್ಲ.

ಅಪ್ಪ ಆಮಂತ್ರಣ ಹೇಳಲು ಬೀಳಗಿಯ ಕಡೆ ಹೋಗಿದ್ದಾಗ ದೊಡ್ಡಪ್ಪ ಬಂದ. ಹೊಸ್ತಿಲಾಚೆಯೇ ನಿಂತು ಈ ಕಂಬಳಿಯನ್ನು ನನ್ನ ಕೈಗಿಟ್ಟ.

“ಆವತ್ತ ಇದನ್ನ ಹಾಸವಾ. ಇದರ ಮ್ಯಾಲ ಕುಂತ ನಿಮ್ಮ ಮನ್ಯಾಗ ನೀರ ಕುಡಿತೇನಿ. ಯಾರ ಏನ ಅಂತಾರ ನೋಡೂಣು.”

ಕಂಬಳಿಯ ತುಂಬ ಅರಿಶಿನದ ಪುಡಿ, ಕುರಿಯ ವಾಸನೆ. ತಾಯಿಯಿಲ್ಲದ ಮನೆಗೆ ಯಜಮಾನಿ ನಾನು. ಸಾಲೆಯಲ್ಲಿ ಶುಚಿತ್ವವನ್ನು ಪ್ರಾರ್ಥನೆಯಷ್ಟೇ ಶ್ರದ್ಧೆಯಿಂದ ಕಲಿತ ಮಹಾ ಜಾಣೆ! ಸೋಡಾ ಹಾಕಿ, ಕಲ್ಲಿಗೆ ಬಡಿದು, ನೀರು ತಿಳಿಯಾಗುವವರೆಗೆ ತೊಳೆದು ಒಣಗಿಸಿದೆ. ಹಬ್ಬದ ಬೆಳಿಗ್ಗೆ ಮರಳಿದ ಅಪ್ಪ ಅಣ್ಣನ ಮಾತು ಕೇಳಿ ಮಕ್ಕಳ ಹಾಗೆ ಅತ್ತುಬಿಟ್ಟ. ಮಡಚಿಟ್ಟ ಕಂಬಳಿಯ ಕಡೆ ನೋಡಲೇ ಇಲ್ಲ.

ನಮ್ಮ ಕೀರ್ತನೆಯಾಯಿತು, ಜೈನ ನೆರೆಯವರ ಸ್ತುತಿಯಾಯಿತು. ಡೊಳ್ಳು ಹೆಗಲಿಗೇರಿಸಿ ದೊಡ್ಡಪ್ಪ ಬಂದ. ಹಾಸಿದ ಕಂಬಳಿಯ ಮುಂದೆ ಬಗ್ಗಿ, ಅಂಗೈಯಿಂದ ಸವರಿ, ಅಂಗೈ ನೋಡಿಕೊಂಡ.

“ಭಂಡಾರ ಎಲ್ಲಿ ಹೋತವಾ?”

“ತೊಳದೇನ್ರೀ ದೊಡ್ಡಪ್ಪಾ, ನಿಮಗಂತನ,” ಎಂದೆ ಹೆಮ್ಮೆಯಿಂದ.

ಆ ಅರಿಶಿನ ಬೀರೇಶ್ವರನ ಗದ್ದುಗೆಯ ಭಂಡಾರ. ಅದು ಬಿದ್ದ ಕಂಬಳಿ ಎಲ್ಲಿ ಹಾಸಿದರೂ ಅದು ದೊಡ್ಡಪ್ಪನ ದೇವರ ನೆಲ. ಅಲ್ಲಿ ಕೂತು ಕುಡಿದ ನೀರಿಗೆ ದೋಷವಿಲ್ಲ. ತಮ್ಮನ ಮನೆಯೊಳಗೆ ಬರಲು ಆ ಮುದುಕ ಹುಡುಕಿಕೊಂಡಿದ್ದ ಒಂದೇ ದಾರಿ ಅದಾಗಿತ್ತು.

“ಅಣ್ಣಾ, ಹುಡಿಗಿಗೆ ಗೊತ್ತಿಲ್ಲೋ. ಕೂಡೋ,” ಎಂದ ಅಪ್ಪ. ನೀರು ತುಂಬಿದ ತಂಬಿಗೆಯನ್ನು ಮುಂದೆ ಚಾಚಿದ.

“ನಿನಗ ಗೊತ್ತಿತ್ತಲ್ಲೋ ಸಿದ್ದಾ. ಇಷ್ಟ ವರ್ಷದಾಗ ಮಗಳಿಗಿ ಒಂದ ಮಾತ ಹೇಳಲಿಲ್ಲೇನು?”

ಅಪ್ಪ ತಂಬಿಗೆಯನ್ನು ಕೆಳಗಿಟ್ಟ. ದೊಡ್ಡಪ್ಪ ಬಂದ ಹಾಗೇ ಹೊರಟುಹೋದ. ಆಮೇಲೆ ಸಂವಾದ ನಡೆಯಿತು. ನೆರೆಹೊರೆಯ ಪ್ರೀತಿಯ ಕುರಿತು ಬಹಳ ಚಂದವಾಗಿ ಮಾತಾಡಿದರು. ಊರಿನವರನ್ನೆಲ್ಲ ಕೂಡಿಸಿ ಮಾತಾಡಿಸಹೊರಟ ನಾವು ಅಪ್ಪ ಮಗಳು, ನಮ್ಮದೇ ಒಲೆಯ ಮುಂದೆ ಆಡಬೇಕಿದ್ದ ಮಾತನ್ನು ಎಂದೂ ಆಡಿರಲಿಲ್ಲ. ಬಿಟ್ಟು ಬಂದ ದೇವರ ಹೆಸರೆತ್ತಿದರೆ ನಂಬಿದ ದೇವರು ಮುನಿದಾನೆಂದು ಅಪ್ಪ ಹೆದರಿದ್ದನೋ ಏನೋ, ನಾನು ಕೇಳಲಿಲ್ಲ.

ಮುಂದಿನ ವರ್ಷದ ಆ ದಿನಕ್ಕೆ ಅಪ್ಪ ಇರಲಿಲ್ಲ. ಅವನ ಮಣ್ಣಿಗೆ ಬಂದ ದೊಡ್ಡಪ್ಪ ಸಮಾಧಿ ನೆಲದ ಗೋಡೆಯಾಚೆ ಬಿಸಿಲಲ್ಲಿ ನಿಂತಿದ್ದ, ತುಟಿ ಒಣಗಿತ್ತು. ನೀರು ಬೇಕೇ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ.

ಈಗಲೂ ಪ್ರತಿವರ್ಷ ಅದೇ ದಿನ ಕಂಬಳಿಯನ್ನು ಬಿಸಿಲಿಗೆ ಹರವುತ್ತೇನೆ. ಅಂಚಿನ ಹೊಲಿಗೆಯನ್ನು ಉಗುರಿನಿಂದ ಬಿಡಿಸಿ ಬಿಡಿಸಿ ನೋಡುತ್ತೇನೆ, ಹಳದಿಯ ಒಂದು ಕಣವಾದರೂ ಉಳಿದೀತೇ ಎಂದು. ಇಲ್ಲ. ಅಷ್ಟು ಚೆನ್ನಾಗಿ ತೊಳೆದಿದ್ದೆ.