ಟಾಕಿ ಕಾಲದ ಕರಪತ್ರಕ್ಕೆ ಲ್ಯಾಮಿನೇಷನ್

ಮಿತ್ರರೇ, ಸಿಟ್ಟು ಇನ್ನೂ ಇಳಿದಿಲ್ಲ. ಸಿನಿಮಾ ಆಗಷ್ಟೇ ಮಾತು ಕಲಿತ ಕಾಲದ ಪ್ರೇಮದ ಹಾಸ್ಯಚಿತ್ರವೊಂದರ ಕರಪತ್ರ ಹತ್ತು ವರ್ಷ ಹುಡುಕಿದ ಮೇಲೆ ನನಗೆ ಸಿಕ್ಕಿತ್ತು. ಅದರ ಮೇಲೆ ನಾಯಕಿ ಕೊಡೆಯಿಂದ ನಾಯಕನ ಟೊಪ್ಪಿ ಹಾರಿಸುವ ಚಿತ್ರ. ಕೆಳಗಿನ ಅಂಚಿನಲ್ಲಿ ಟಾಕೀಸಿನ ಹೆಸರು. ಅದಿದ್ದರೇ ನಮ್ಮಂಥ ಸಂಗ್ರಾಹಕರಲ್ಲಿ ಕರಪತ್ರಕ್ಕೆ ಬೆಲೆ. ಇವತ್ತು ಮೊಗ್ರಾಲಿನ ಜೆರಾಕ್ಸ್ ಅಂಗಡಿಯಲ್ಲಿ ಒಂದು ಪ್ರತಿ ತೆಗೆಯಲು ಕೊಟ್ಟು, ಫೋನ್ ಬಂತೆಂದು ಹೊರಗೆ ಹೋದೆ. ವಾಪಸು ಬರುವಷ್ಟರಲ್ಲಿ ಅಂಗಡಿಯ ಅದ್ದುಚ್ಚ ಅಂಚನ್ನೆಲ್ಲ ಕತ್ತರಿಸಿ ಲ್ಯಾಮಿನೇಷನ್ ಮಾಡಿ ಮುಗಿಸಿದ್ದರು.

“ಎಂತ ಮಾಡಿದ್ರಿ ಅದ್ದುಚ್ಚ?”

“ಅಂಚು ಹರಿದಿತ್ತಲ್ಲ ಮಾಷ್ಟ್ರೆ, ಚಂದ ಮಾಡಿದೆ. ರೇಷನ್ ಕಾರ್ಡಿಗೂ ಹೀಗೇ ಮಾಡುದು. ಇನ್ನು ನೀರು ಬಿದ್ರೂ ಎಂತ ಆಗುದಿಲ್ಲ.”

ಆ ಮಾತು ಮಾತ್ರ ನಿಜ. ಮನೆಗೆ ಬಂದು ಕಣ್ಣೀರು ಹಾಕಿ ನೋಡಿದೆ, ಏನೂ ಆಗಲಿಲ್ಲ.