ಕೆಂಚಿಯ ಊಟದ ಮಾತು

ಅಶೋಕಪುರಂನ ಹುಚ್ಚಯ್ಯನಿಗೆ ನಾಯಿ ಪಳಗಿಸುವುದೇ ಕಸುಬು. ಮೀಸೆ ಮೂಡುವ ವಯಸ್ಸಿನಲ್ಲಿ ಕಡಕೊಳದಿಂದ ಮೈಸೂರಿಗೆ ಬಂದವನು, ಮಿಲಿಟರಿಯಿಂದ ನಿವೃತ್ತರಾದ ಒಬ್ಬರ ಬಂಗಲೆಯಲ್ಲಿ ನಾಯಿ ತೊಳೆಯುವ ಕೆಲಸಕ್ಕೆ ಸೇರಿದ. ಅವರು ತಮ್ಮ ನಾಯಿಗಳಿಗೆ ಕೂರುವುದು, ನಿಲ್ಲುವುದು, ಕರೆದರೆ ಬರುವುದು ಹೇಳಿಕೊಡುತ್ತಿದ್ದರೆ ಇವನು ಬಕೆಟ್ಟು ಹಿಡಿದು ನಿಂತಲ್ಲೇ ಅದನ್ನೆಲ್ಲ ಕಲಿತುಬಿಟ್ಟ. ಆಮೇಲೆ ತನ್ನದೇ ಒಂದು ಟಿವಿಎಸ್ ಗಾಡಿ ಮಾಡಿಕೊಂಡ. ಬೆಳಗಾದರೆ ಸಿದ್ಧಾರ್ಥನಗರದ ಕಡೆ ಹೊರಟುಬಿಡುವನು. ಮರಿ ಮನೆಯೊಳಗೆ ಗಲೀಜು ಮಾಡದ ಹಾಗೆ, ಬಂದವರ ಮೈಮೇಲೆ ಹಾರದ ಹಾಗೆ ಅಭ್ಯಾಸ ಮಾಡಿಸುವುದು, ಕಿವಿ ಒರೆಸುವುದು, ಮೈಗೆ ಕಚ್ಚಿದ ಉಣ್ಣಿ ಕೀಳುವುದು, ಹೊಟ್ಟೆಹುಳುವಿನ ಮಾತ್ರೆ ಬೆಲ್ಲದಲ್ಲಿಟ್ಟು ನುಂಗಿಸುವುದು, ಇವೇ ಅವನ ದಿನ. ಬಾಯಿ ಮಾತ್ರ ಸುಮ್ಮನಿರುತ್ತಿರಲಿಲ್ಲ. ನಾಯಿಗಳ ಜೊತೆಯೂ ಮಾತು, ನಾಯಿ ಸಾಕಿದವರ ಜೊತೆಯೂ ಮಾತು, ಸಂಜೆ ಮನೆಗೆ ಬಂದ ಮೇಲೆ ಹೆಂಡತಿ ಚಿಕ್ಕಮಾದಮ್ಮನಿಗೆ ಮತ್ತೆ ಅದೇ ನಾಯಿಗಳ ಕಥೆ.

ಅವನ ಮನೆಯಲ್ಲೇ ಇದ್ದ ನಾಯಿ ಕೆಂಚಿ. ರೈಲ್ವೆ ಸ್ಟೇಷನ್ನಿನ ಹತ್ತಿರ ಸಿಕ್ಕಿದ ಬೀದಿ ಮರಿ. ಅವಳಿಗಿಂತ ಮುಂಚೆ ಸಾಕಿದ್ದ ನಾಯಿಯೊಂದು ಯಾರೋ ಕಾಂಪೌಂಡಿನಾಚೆಯಿಂದ ಎಸೆದ ಮಾಂಸ ತಿಂದು, ಬಾಯಲ್ಲಿ ನೊರೆ ಕಕ್ಕಿ ಅವನ ತೊಡೆಯ ಮೇಲೇ ಸತ್ತಿತ್ತು. ಹಾಗಾಗಿ ಕೆಂಚಿಗೆ ಹಲ್ಲು ಮೂಡಿದಾಗಿನಿಂದಲೇ ಅವನು ಒಂದು ಪಾಠ ಹೇಳಿಕೊಟ್ಟ. ಮುಂದೆ ಏನೇ ಇಟ್ಟಿರಲಿ, ಯಾರೇ ಇಟ್ಟಿರಲಿ, ಒಂದು ಮಾತು ಕಿವಿಗೆ ಬೀಳುವ ತನಕ ಬಾಯಿ ಹಾಕುವ ಹಾಗಿಲ್ಲ. ತಿನ್ನು, ಉಣ್ಣು ಅನ್ನುವುದನ್ನು ಕಳ್ಳನೂ ಹೇಳಬಲ್ಲ. ಆದ್ದರಿಂದ ಮನೆಯಲ್ಲಿ ಯಾರೂ ಆಡದ ಒಂದು ಮಾತನ್ನು ಹುಡುಕಿದ. ಅಂಥದ್ದೊಂದು ಮಾತು ಆ ಮನೆಯಲ್ಲಿತ್ತು: ಕಡಕೊಳ. ಅಲ್ಲಿದ್ದ ಅವನ ಅಕ್ಕ ಮಾದೇವಮ್ಮ, ಇವನ ಮಗಳು ಭಾನುಪ್ರಿಯಾಳನ್ನು ತನ್ನ ಮಗನಿಗೆ ತಂದುಕೊಳ್ಳಬೇಕು ಅಂತ ಕೇಳಿದ್ದಳು. ಹುಡುಗಿ ಒಲ್ಲೆ ಅಂದಳು. ಮಾತಿಗೆ ಮಾತು ಬೆಳೆದು ಎರಡು ಮನೆಗೂ ಹೋಗಿ ಬರುವುದು ನಿಂತೇ ಹೋಯಿತು. ಊರಿನ ಹೆಸರೆತ್ತಿದರೆ ಚಿಕ್ಕಮಾದಮ್ಮನ ಮುಖ ಗಂಟಾಗುತ್ತಿತ್ತು. ಹಾಗಾಗಿ ಅದನ್ನು ಯಾರೂ ಎತ್ತುತ್ತಿರಲಿಲ್ಲ.

ಎರಡು ಹೊತ್ತೂ ಹಿತ್ತಲಲ್ಲಿ ತಟ್ಟೆ ಇಟ್ಟು, ಬಗ್ಗಿ, ಕೆಂಚಿಯ ಕಿವಿಯಲ್ಲಿ ಮೆಲ್ಲಗೆ "ಕಡಕೊಳ" ಅನ್ನುವನು. ಆಗ ಅವಳು ತಿನ್ನುವಳು.

"ಅದೇನು ಮಂತ್ರ ಉದುರುಸ್ತೀರೋ ಆ ಮುಂಡೇದಕ್ಕೆ" ಅಂತ ಚಿಕ್ಕಮಾದಮ್ಮ ಅಡುಗೆಮನೆಯಿಂದ ಕೇಳಿದರೆ, "ಎಲ್ರಿಗೂ ಹೇಳಿದ್ರೆ ಮಂತ್ರ ಎಂಗಾದಾತು, ಸುಮ್ನಿರು" ಅಂತ ನಗುವನು.

ಒಂದು ಬೆಳಿಗ್ಗೆ ಗಾಡಿಗೆ ಕಿಕ್ ಹೊಡೆಯಲು ಕಾಲೆತ್ತಿದವನು ಹಾಗೇ ಗಾಡಿ ಸಮೇತ ಮಗುಚಿಕೊಂಡ. ಲಕ್ವ ಹೊಡೆದಿತ್ತು. ದೊಡ್ಡಾಸ್ಪತ್ರೆಯಲ್ಲಿ ಕಣ್ಣು ಬಿಟ್ಟಾಗ ಬಲಗೈ, ಬಲಗಾಲು ಬೇರೆ ಯಾರದೋ ಆಗಿದ್ದವು. ಮಗಳು ಮಂಚದ ಪಕ್ಕ ಕೂತು "ಅಪ್ಪಾ, ಎಂಗಿದೀಯಪ್ಪ?" ಅಂದಳು. ಪರವಾಗಿಲ್ಲ, ಅಳಬೇಡ, ಕೆಂಚಿಗೆ ಊಟ ಹಾಕಿದಿರಾ ಅಂತ ಕೇಳಬೇಕು ಅಂದುಕೊಂಡ. ಬಾಯಿಂದ ಬಂದದ್ದು "ಆಗ್ಲಿ." ಇನ್ನೊಂದು ಸಲ ಪ್ರಯತ್ನಪಟ್ಟ. "ಆಗ್ಲಿ, ಆಗ್ಲಿ." ಮಾತುಗಳೆಲ್ಲ ತಲೆಯೊಳಗೆ ಸರಿಯಾಗಿಯೇ ಇದ್ದವು. ಬಾಯ ಬಾಗಿಲಿಗೆ ಬಂದಾಗ ಮಾತ್ರ ಯಾವುದು ಹೊರಟರೂ "ಆಗ್ಲಿ" ಆಗಿಬಿಡುತ್ತಿತ್ತು. ಎಡಗೈಗೆ ಪೆನ್ನು ಕೊಟ್ಟು ನೋಡಿದರು. ಗೀಟುಗಳಷ್ಟೇ ಬಿದ್ದವು.

ಮನೆಗೆ ಕರೆದುಕೊಂಡು ಬಂದ ದಿನ ಕೆಂಚಿ ಅವನನ್ನು ಮೂಸಿ ಮೂಸಿ, ಗಾಲಿಕುರ್ಚಿಯ ಸುತ್ತ ತಿರುಗಿ, ಕಾಲ ಮೇಲೆ ತಲೆ ಇಟ್ಟುಕೊಂಡು ಮಲಗಿದಳು. ಅವನು ಎಡಗೈಯಲ್ಲಿ ಅವಳ ಬೆನ್ನು ಸವರಿದ. ಮೂಳೆ ಮೂಳೆ ಕೈಗೆ ಹತ್ತಿತು.

"ನೀವು ಆಸ್ಪತ್ರೆ ಸೇರಿದಾಗಿಂದ ಏನೂ ಮುಟ್ಟಿಲ್ಲ ಕಣ್ರೀ" ಅಂದಳು ಚಿಕ್ಕಮಾದಮ್ಮ. "ಕೋಳಿ ಬೇಯ್ಸಿ ಇಟ್ಟೆ, ಹಾಲನ್ನ ಇಟ್ಟೆ. ತಟ್ಟೆ ಮುಂದೆ ಜೊಲ್ಲು ಸುರಿಸ್ಕೊಂಡು ಕೂತಿರ್ತಾಳೆ, ತಿನ್ನಾಕಿಲ್ಲ. ನೀರೊಂದು ಕುಡೀತಾಳೆ. ಭಾನು ಸಿರಿಂಜಲ್ಲಿ ಗಂಜಿ ಬುಟ್ರೆ ಅರ್ಧ ಒಳೀಕೆ, ಅರ್ಧ ಆಚೀಕೆ."

ಅವನಿಗೆ ಒಂದೇ ಕ್ಷಣದಲ್ಲಿ ಎಲ್ಲ ಅರ್ಥವಾಯಿತು. ಅವಳು ಕಾಯುತ್ತಿದ್ದಾಳೆ. ಹೇಳಿಕೊಟ್ಟದ್ದನ್ನು ಚಾಚೂ ತಪ್ಪದೆ ಮಾಡುತ್ತಿದ್ದಾಳೆ.

ತಟ್ಟೆ ತರಲು ಸನ್ನೆ ಮಾಡಿದ. ಚಿಕ್ಕಮಾದಮ್ಮ ತಂದಿಟ್ಟಳು. ಕೆಂಚಿ ಎದ್ದು ತಟ್ಟೆಯ ಮುಂದೆ ನೆಟ್ಟಗೆ ಕೂತು ಅವನ ಬಾಯನ್ನೇ ನೋಡಿದಳು. ಅವನು ಉಸಿರು ಎಳೆದುಕೊಂಡ. ನಾಲಿಗೆಯನ್ನು ಅಂಗುಳಕ್ಕೆ ಒತ್ತಿದ. "ಆಗ್ಲಿ" ಅಂದ. ಕಿವಿ ನಿಮಿರಿಸಿಕೊಂಡಿದ್ದ ಕೆಂಚಿ ಹಾಗೇ ಕೂತಿದ್ದಳು. "ಆಗ್ಲಿ!" ಕೈಯಿಂದ ಅನ್ನವನ್ನು ಅವಳ ಬಾಯಿಗೆ ತಳ್ಳಿದ. ಅವಳು ಮುಖ ಪಕ್ಕಕ್ಕೆ ತಿರುಗಿಸಿ, ಮತ್ತೆ ಅವನ ಬಾಯನ್ನೇ ನೋಡಿದಳು. ತುಟಿಯ ಮೂಲೆಯಿಂದ ಜೊಲ್ಲು ದಾರದ ಹಾಗೆ ಇಳಿಯುತ್ತಿತ್ತು.

"ಏನೋ ಒಂದ್ಮಾತು ಹೇಳ್ತಿದ್ರಲ್ಲ, ಅದಾ?" ಅಂತ ಚಿಕ್ಕಮಾದಮ್ಮನೇ ಕೇಳಿದಳು. ಅವನು ಹೌದು ಅಂತ ಜೋರಾಗಿ ತಲೆಯಾಡಿಸಿದ. "ಏನದು, ಹೇಳಿ? ದೇವರ ಹೆಸರಾ? ಸಿನಿಮಾದವರ ಹೆಸರಾ?" ತಾಯಿ ಮಗಳು ಇಬ್ಬರೂ ಕೆಂಚಿಯ ಮುಂದೆ ಕೂತು ಗೊತ್ತಿದ್ದ ಹೆಸರನ್ನೆಲ್ಲ ಹೇಳಿದರು. ಚಾಮುಂಡಿ, ಮಾದಪ್ಪ, ಸಕ್ಕರೆ, ಬೆಲ್ಲ, ಬಂಗಾರಿ. ಹೇಳಿದ್ದಕ್ಕೆಲ್ಲ ಅವನು ಅಲ್ಲ ಅಲ್ಲ ಅಂತ ತಲೆಯಾಡಿಸುತ್ತ, ಕೊನೆಗೆ ಕುರ್ಚಿಯ ಕೈ ಗುದ್ದಿಬಿಟ್ಟ. ಊರುಗಳ ಕಡೆ ಅವರ ಯೋಚನೆ ಹೋಗಲೇ ಇಲ್ಲ. ಕಿಟಕಿಯಾಚೆ, ಕಡಕೊಳದ ಕಡೆ ರೈಲು ಹೋಗುವ ದಿಕ್ಕಿಗೆ ಬೆರಳು ತೋರಿಸಿದ. ಭಾನುಪ್ರಿಯಾ ಕಿಟಕಿ ಮುಚ್ಚಿ, "ಗಾಳಿ ಬತ್ತದಾ ಅಪ್ಪ?" ಅಂದಳು.

ದೇವರಾಜ ಮೊಹಲ್ಲಾದ ಸೀರೆ ಅಂಗಡಿಯಲ್ಲಿ ಕೆಲಸಕ್ಕಿದ್ದ ಭಾನುಪ್ರಿಯಾ ರಜ ಹಾಕಿ ಕೆಂಚಿಯನ್ನು ಸಿದ್ಧಾರ್ಥನಗರದ ನಾಯಿ ಡಾಕ್ಟರು ಶುಭಾ ಅವರ ಹತ್ತಿರ ಕರೆದುಕೊಂಡು ಹೋದಳು. ಹುಚ್ಚಯ್ಯನನ್ನು ಚೆನ್ನಾಗಿ ಬಲ್ಲವರು ಅವರು. ಡ್ರಿಪ್ ಹಾಕಿ, ರಕ್ತ ಪರೀಕ್ಷೆ ಮಾಡಿ, "ಕಿಡ್ನಿ ಸ್ವಲ್ಪ ಸೋತಿದೆ ಕಣಮ್ಮ. ವಯಸ್ಸೂ ಆಗಿದೆ. ಹೆಂಗಾದ್ರೂ ಮಾಡಿ ಊಟ ಮಾಡ್ಸಿ. ಉಪ್ಪು ಬೇಡ, ಮೂಳೆ ಬೇಡ, ಮಾಂಸ ತೀರಾ ಕಮ್ಮಿ. ಅನ್ನ, ಕುಂಬಳಕಾಯಿ, ಮೊಟ್ಟೆಯ ಬಿಳಿ ಭಾಗ, ಸಾಕು" ಅಂದರು. ಮಗಳು ಮನೆಗೆ ಬಂದು ಹೇಳಿದ್ದನ್ನೆಲ್ಲ ಹುಚ್ಚಯ್ಯ ಕಣ್ಣು ಮುಚ್ಚಿ ಕೇಳಿಸಿಕೊಂಡ. ಇಂಥ ನಾಯಿಗಳಿಗೆ ಎಷ್ಟು ಮನೆಯಲ್ಲಿ ಅವನೇ ನಿಂತು ಈ ಊಟ ಮಾಡಿಸಿದ್ದನೋ.

ಹೀಗಿರುವಾಗ ಒಂದು ದಿನ ಹೆಂಡತಿ, ಮಗಳು ಕರೆದುಕೊಂಡು ಹೋಗಿದ್ದ ಆಸ್ಪತ್ರೆಯಲ್ಲಿ ಅವನಿಗೆ ನಡಿಗೆ ಅಭ್ಯಾಸ ಮಾಡಿಸುತ್ತಿದ್ದರು. ಕಂಬಿ ಹಿಡಿದು ಒಂದು ಮೆಟ್ಟಿಲು ಹತ್ತಬೇಕಿತ್ತು. ಬಲಗಾಲನ್ನು ಎತ್ತಲು ಹಲ್ಲು ಕಚ್ಚಿ ಮುಕ್ಕಿರಿದಾಗ, ಯಾರೂ ಕರೆಯದೆ, ತಾನಾಗಿಯೇ ಬಾಯಿಂದ ಅದು ಹೊರಬಿತ್ತು.

"ಕಡಕೊಳ."

ಅವನೇ ಬೆಚ್ಚಿಬಿದ್ದ. ಮತ್ತೊಂದು ಸಲ ಹೇಳಿ ನೋಡಿದ. "ಕಡಕೊಳ." ಬಂತು! ಕಂಬಿ ಬಿಟ್ಟು, ಬೀಳುವ ಹಾಗಾಗಿ, ಹೆಂಡತಿಯ ಸೆರಗು ಹಿಡಿದು ಬಾಗಿಲ ಕಡೆ ಎಳೆದ. ಮನೆಗೆ, ಈಗಲೇ, ಇದು ಹೋಗಿಬಿಡುವ ಮುಂಚೆ ಮನೆಗೆ. ಆದರೆ ಬಾಯಲ್ಲಿ ಇದ್ದದ್ದು ಆ ಒಂದೇ ಮಾತು. "ಕಡಕೊಳ, ಕಡಕೊಳ."

ಚಿಕ್ಕಮಾದಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತುಬಿಟ್ಟಳು. "ಅಕ್ಕನ್ನ ನೋಡ್ಬೇಕು ಅಂತಿದಾರೆ ಕಣೇ ಭಾನು. ಒಡಹುಟ್ಟು ಅಂದ್ರೆ ಅದು. ನಾನೇ ಅಡ್ಡ ನಿಂತುಬುಟ್ಟೆ ಇಷ್ಟು ವರ್ಷ."

"ಈಗ್ಲೇ ಹೋಗ್ಬುಡೋಣ ಅವ್ವ" ಅಂದಳು ಮಗಳು.

ಆಟೋ ಹತ್ತಿಸಿದಾಗ ಹುಚ್ಚಯ್ಯ ಮನೆಗೇ ಅಂದುಕೊಂಡ. ತುಟಿಯಲ್ಲೇ ಕಡಕೊಳ ಕಡಕೊಳ ಅಂತ, ಎಣ್ಣೆ ತುಂಬಿದ ಬಟ್ಟಲು ಹಿಡಿದು ನಡೆಯುವವನ ಹಾಗೆ, ಆ ಮಾತನ್ನು ಜೋಪಾನ ಮಾಡಿಕೊಂಡು ಕೂತ. ಆಟೋ ಅಶೋಕಪುರಂ ಕಡೆ ತಿರುಗದೆ ನಂಜನಗೂಡು ರಸ್ತೆ ಹಿಡಿಯಿತು. ಅವನು ಡ್ರೈವರನ ಭುಜ ಹಿಡಿದು ಅಲ್ಲಾಡಿಸಿದ. ಹಿಂದಕ್ಕೆ ಕೈ ತೋರಿಸಿದ. "ಕಡಕೊಳ! ಕಡಕೊಳ!"

"ಅಲ್ಲಿಗೇ ಹೋಗ್ತಿರೋದು ಯಜಮಾನ್ರೇ, ಬಂದೇಬಿಡ್ತು" ಅಂದ ಡ್ರೈವರು. ಹೆಂಡತಿ ಅವನ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. "ಅವಸರ ಪಡಬೇಡಿ, ಹೋಗ್ತಿದೀವಿ." ಬಂಡೀಪಾಳ್ಯ ದಾಟಿತು. ಅವನು ತಲೆಯನ್ನು ಸೀಟಿಗೆ ಒರಗಿಸಿ, ಅಳುವುದಕ್ಕೂ ಮನಸ್ಸಾಗದೆ, ಹಿಂದಕ್ಕೆ ಓಡುವ ಮರಗಳನ್ನು ನೋಡಿದ.

ಮಾದೇವಮ್ಮ ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಆಟೋದಿಂದ ಇಳಿಸುತ್ತಿದ್ದ ತಮ್ಮನನ್ನು ನೋಡಿ ಮೊರ ಬಿಸಾಕಿ ಓಡಿ ಬಂದಳು. "ನನ್ನಪ್ಪಾ, ಎಂಗಾಗೋದ್ಯೋ! ನನ್ಗೊಂದ್ಮಾತು ಹೇಳಿ ಕಳಿಸ್ಬಾರ್ದಿತ್ತಾ!" ಅತ್ತಿಗೆ ನಾದಿನಿ ಕೊರಳು ತಬ್ಬಿಕೊಂಡು ಅತ್ತರು. ತಪ್ಪು ನಂದು ಅಂತ ಇವಳು, ಅಲ್ಲ ನಂದು ಅಂತ ಅವಳು. ಕೋಳಿ ಕೊಯ್ದರು. ಅಕ್ಕ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ತಾನೇ ಅವನ ಬಾಯಿಗಿಟ್ಟಳು. ಅವನಿಗೂ ಅಕ್ಕನ ಮೇಲೆ ಆಸೆಯಿತ್ತು. ಅವಳ ಕೈ ಬಾಯಿಗೆ ತಾಗಿದಾಗ ಕಣ್ಣು ತುಂಬಿದ್ದೂ ನಿಜ. ಆದರೆ ಮುಂದಿನ ತುತ್ತಿಗೆ ಮುಖ ಪಕ್ಕಕ್ಕೆ ತಿರುಗಿಸಿದ. ಹಿತ್ತಲಲ್ಲಿ ತಟ್ಟೆ ಮುಂದೆ ಕೂತವಳು ಕಣ್ಣಿಗೆ ಕಟ್ಟುತ್ತಿದ್ದಳು. "ನೋಡು, ಸಂತೋಷಕ್ಕೆ ಊಟನೂ ಸೇರ್ತಿಲ್ಲ" ಅಂದಳು ಮಾದೇವಮ್ಮ. ಅವನು ಉತ್ತರ ಹೇಳಲು ಬಾಯಿ ತೆರೆದ.

"ಆಗ್ಲಿ" ಅಂತ ಬಂತು. ಆ ಇನ್ನೊಂದು ಮಾತು ಹೊರಟುಹೋಗಿತ್ತು.

ಸಂಜೆ ಮನೆಗೆ ಬಂದಾಗ ಕೆಂಚಿ ಬಾಗಿಲ ಹತ್ತಿರ ಮಲಗಿದ್ದಳು. ತಲೆ ಎತ್ತಲಿಲ್ಲ, ಬಾಲದ ತುದಿ ಮಾತ್ರ ನೆಲಕ್ಕೆ ಬಡಿದಳು. ಹುಚ್ಚಯ್ಯ ಅವಳ ತುಟಿ ಎತ್ತಿ ವಸಡು ಒತ್ತಿ ನೋಡಿದ. ಬಿಳಿಚಿಕೊಂಡಿತ್ತು. ಚಿಕ್ಕಮಾದಮ್ಮ ಬೆಳಗಿನ ತಟ್ಟೆ ತೊಳೆದು ಹೊಸದಾಗಿ ಅನ್ನ ಕಲಸಿ ತಂದಿಟ್ಟು, ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತಳು. ಮನಸ್ಸು ಹಗುರವಾಗಿತ್ತು ಅವಳಿಗೆ, ಮಾತು ತಾನಾಗೇ ಬರುತ್ತಿತ್ತು.

"ತಿನ್ನೇ ನಮ್ಮವ್ವ. ನಿನ್ ಯಜಮಾನ್ರು ಇವತ್ತು ಏನು ಗಲಾಟೆ ಅಂತೀಯ. ಕಡಕೊಳ, ಕಡಕೊಳ ಅಂತ ಒಂದೇ ಸಮ..."

ಕೆಂಚಿಯ ಕಿವಿಗಳು ನೆಟ್ಟಗಾದವು. ಮುಂಗಾಲೂರಿ ಎದ್ದಳು. ನಡುಗುತ್ತ ತಟ್ಟೆಯ ಹತ್ತಿರ ಹೋಗಿ, ಒಮ್ಮೆ ಹುಚ್ಚಯ್ಯನ ಕಡೆ ತಿರುಗಿ ನೋಡಿ, ಬಾಯಿ ಹಾಕಿದಳು.

ಅನ್ನ ನೆಕ್ಕುವ ಸದ್ದೊಂದೇ.

"ಅವ್ವಾ," ಅಂದಳು ಭಾನುಪ್ರಿಯಾ ನಿಧಾನವಾಗಿ, "ಅಪ್ಪ ಅತ್ತೇನ ನೋಡ್ಬೇಕು ಅಂದಿದ್ದಲ್ಲ ಕಣವ್ವ."

ಚಿಕ್ಕಮಾದಮ್ಮ ಗಂಡನ ಮುಖ ನೋಡಿದಳು. ಅವನು ಅಳುತ್ತಿದ್ದನೋ ನಗುತ್ತಿದ್ದನೋ, ಮುಖದ ಅರ್ಧ ಭಾಗ ಮಾತ್ರ ಅಲುಗುತ್ತಿತ್ತು. "ಅಯ್ಯೋ ಶಿವನೇ" ಅಂದಳು. ಸೆರಗಿನಿಂದ ಅವನ ಮುಖ ಒರೆಸಿ, "ಮಾದೇವಕ್ಕನಿಗೆ ಮಾತ್ರ ಇದನ್ನ ಹೇಳ್ಬುಟ್ಟೀಯೆ" ಅಂತ ಮಗಳನ್ನು ಗದರಿದಳು.

ಕೆಂಚಿ ಉಳಿದುಕೊಂಡಳು. ಬೀದಿಗೆಲ್ಲ ಆ ಸುದ್ದಿ ಗೊತ್ತಾಯಿತು. ಗೊತ್ತಾದ ಮೇಲೆ ಅದು ಒಂದು ಆಟವಾಯಿತು. ಪಕ್ಕದ ಮನೆಯವರು ಬಿಸ್ಕತ್ತು ಹಿಡಿದು "ಕಡಕೊಳ" ಅನ್ನುವರು, ಕೆಂಚಿ ತಿನ್ನುವಳು, ಎಲ್ಲರೂ ಚಪ್ಪಾಳೆ ತಟ್ಟುವರು. ಮಾದೇವಮ್ಮ ವಾರವಾರ ಬರತೊಡಗಿದಳು, ಬಂದಾಗಲೆಲ್ಲ ಕಡಕೊಳದ ಸುದ್ದಿಯೇ. ಬರಬರುತ್ತ ಆ ಮಾತು ಇದ್ದರೂ ಸರಿ, ಇಲ್ಲದಿದ್ದರೂ ಸರಿ, ಕೆಂಚಿ ಯಾರು ಏನು ಕೊಟ್ಟರೂ ಬಾಯಿ ಹಾಕತೊಡಗಿದಳು. ಹುಚ್ಚಯ್ಯ ಜಗುಲಿಯ ಕುರ್ಚಿಯಲ್ಲಿ ಕೂತು ನೋಡುತ್ತಿದ್ದ. ವರ್ಷಗಟ್ಟಲೆ ಕೂರಿಸಿ ಕಲಿಸಿದ್ದು ಕಣ್ಣೆದುರಿಗೇ ಕರಗಿಹೋಗುತ್ತಿತ್ತು. ಬೇಡ ಅಂತ ಕೈ ಬೀಸಿದರೆ ಬೀದಿಯವರು ತಾವೂ ಕೈ ಬೀಸಿ ನಗುತ್ತಿದ್ದರು.

ಊಟದ್ದೂ ಹಾಗೇ ಆಯಿತು. ಮೊದಮೊದಲು ಚಿಕ್ಕಮಾದಮ್ಮ ಡಾಕ್ಟರು ಹೇಳಿದ್ದನ್ನೇ ಹಾಕಿದಳು. ಆಮೇಲೆ ನಾಯಿಯ ಪಕ್ಕೆಲುಬು ನೋಡಿ ಅವಳಿಗೆ ತಡೆಯಲಾಗಲಿಲ್ಲ. "ಕುಂಬಳಕಾಯಿ ತಿಂದು ಯಾರ ಮೈ ತುಂಬ್ತದೆ" ಅಂತ ಒಂದು ಭಾನುವಾರ ಸಾರಿನ ಮಾಂಸ, ಮೂಳೆ ಎಲ್ಲ ಹಾಕಿ ತಂದಿಟ್ಟಳು. ಹುಚ್ಚಯ್ಯ ಎಡಗಾಲಿನಿಂದ ತಟ್ಟೆಯನ್ನು ದೂರ ತಳ್ಳಿದ.

"ಯಾಕ್ರೀ? ಅದ್ರ ಮೇಲೆ ಯಾಕೆ ಕೋಪ?" ಅಂದಳು. ಅವನು ಕಿಡ್ನಿ ಅಂತ ತನ್ನ ಸೊಂಟದ ಹಿಂಭಾಗ ಮುಟ್ಟಿ ತೋರಿಸಿದ. "ಸೊಂಟ ನೋಯ್ತದಾ? ತಾಳಿ, ಎಣ್ಣೆ ತತ್ತೀನಿ." ಅವನು ಅಲ್ಲ ಅಂತ ತಲೆಯಾಡಿಸಿದ, ತಟ್ಟೆ ತೋರಿಸಿದ, ಮತ್ತೆ ಸೊಂಟ ಮುಟ್ಟಿಕೊಂಡ. ಅವಳು ಅವನನ್ನೇ ನೋಡಿ, ಏನೂ ತಿಳಿಯದೆ, ಪ್ರೀತಿಯಿಂದಲೇ ತಟ್ಟೆಯನ್ನು ಅವನ ಕಾಲಿಗೆ ಎಟುಕದ ಕಡೆ ಸರಿಸಿಟ್ಟು ಎಣ್ಣೆ ಬಿಸಿ ಮಾಡಲು ಒಳಗೆ ಹೋದಳು. ಕೆಂಚಿ ಮೂಳೆ ಕಡಿಯುವ ಸದ್ದು ಕೇಳಿಸಿತು.

ಮಧ್ಯಾಹ್ನದ ಹೊತ್ತಿಗೆ ಅವಳು ಮತ್ತೆ ಮತ್ತೆ ನೀರು ಕುಡಿಯತೊಡಗಿದಳು. ಕಿಡ್ನಿ ಪೂರ್ತಿ ಕೈಕೊಡುವ ಹೊತ್ತಿಗೆ ನಾಯಿ ಹಾಗೆ ಕುಡಿಯುತ್ತದೆ ಅಂತ ಅವನಿಗೆ ಗೊತ್ತಿತ್ತು. ಬಟ್ಟಲು ಖಾಲಿಯಾಯಿತು. ಭಾನುವಾರವೂ ಅಂಗಡಿ ಇದ್ದದ್ದರಿಂದ ಮಗಳು ಕೆಲಸಕ್ಕೆ ಹೋಗಿದ್ದಳು, ಹೆಂಡತಿ ನಿದ್ದೆ ಹೋಗಿದ್ದಳು. ಹುಚ್ಚಯ್ಯ ಗೋಡೆ ಹಿಡಿದು ಎದ್ದ. ಬಲಗಾಲನ್ನು ಎಳೆದುಕೊಂಡು ಹೋಗಿ ಚೊಂಬಿನಲ್ಲಿ ನೀರು ತುಂಬಿಕೊಂಡು ಬಂದು ಸುರಿದ. ಅರ್ಧ ಬಟ್ಟಲಿಗೆ ಬಿತ್ತು, ಅರ್ಧ ನೆಲಕ್ಕೆ. ಕೆಂಚಿ ಮೊದಲು ನೆಲದ್ದನ್ನು ನೆಕ್ಕಿದಳು. ಅವನು ಇನ್ನೊಂದು ಚೊಂಬು ತರಲು ಗೋಡೆಯ ಕಡೆ ಕೈ ಚಾಚಿದ.